ಲಾಂಡ್ರಿಗೆಲ್ಲ ಒಟ್ಟಿಗೆ ಜ್ವರ

ಜನವರಿ ೪, ಸೋಮವಾರ

ಕೊಡುತ್ತೇವೆ ಎಂದದ್ದು: ರೋಗಿಗಳ ಬಟ್ಟೆ ಮುಟ್ಟುವವರಿಗೆಲ್ಲ ಮೊದಲ ಸರದಿಯಲ್ಲೇ ಲಸಿಕೆ. ಕೊಳೆ ಕೋಣೆಗೆ ಗಾಳಿ ಹೊರಗೆಳೆಯುವ ಫ್ಯಾನು. ದಪ್ಪ ಕೈಗವಸು. ಜ್ವರ ಬಂದರೆ ಸಂಬಳ ಮುರಿಯದ ರಜೆ.

ಕೊಟ್ಟದ್ದು: ಕೈಗವಸು, ಅದೂ ಬೆರಳು ಮಡಚಿದರೆ ಹರಿಯುವಂಥದ್ದು. ಮತ್ತು ಚಪ್ಪಾಳೆ.

ಇಲ್ಲ ಎಂದದ್ದು: ಲಸಿಕೆ. ಕಾರಣ, ನಾವು ಗುತ್ತಿಗೆಯವರು. ಆಸ್ಪತ್ರೆಯ ರೋಗ ನಮ್ಮ ಕೈಗೆ ಬರಬಹುದು, ಆಸ್ಪತ್ರೆಯ ಮದ್ದು ಬರಬಾರದು.

ಮುಂದಕ್ಕೆ ಹಾಕಿದ್ದು: ಉಳಿದದ್ದೆಲ್ಲ. ಆಡಳಿತದ ಸಾಹೇಬರಿಗೆ ನಾವಿಟ್ಟ ಹೆಸರೇ 'ಮುಂದಿನ ವಾರ'. ಇವತ್ತೂ ಅದನ್ನೇ ಹೇಳಿ ಹೆಸರು ಉಳಿಸಿಕೊಂಡರು.

ಸಂಘ ಸೇರಿದ ಹೊಸತರಲ್ಲಿ ಹಿರಿಯರು ಹಾಕಿಕೊಟ್ಟ ಅಭ್ಯಾಸ ಇದು. ಏನು ಕೊಡುತ್ತೇವೆಂದರು, ಏನು ಇಲ್ಲವೆಂದರು, ಮನೆಗೆ ಬಂದ ಕೂಡಲೇ ಬರೆದಿಡು ಎಂದಿದ್ದರು. ಇದು ಸಂಘದ ಪುಸ್ತಕವಲ್ಲ, ನನ್ನದು. ಇಲ್ಲಿ ಯಾರನ್ನೂ 'ಮಾನ್ಯರೇ' ಎನ್ನಬೇಕಾಗಿಲ್ಲ.

ಮನೆಗೆ ಬಂದು ಅಕ್ಕನ ಮುಂದೆ ಎಲ್ಲ ಒದರಿದೆ. ಅಕ್ಕನೂ ನಾನೂ ಒಂದೇ ಲಾಂಡ್ರಿಯಲ್ಲಿ ದುಡಿಯುತ್ತೇವೆ, ಒಂದೇ ಬಾಡಿಗೆ ಮನೆಯಲ್ಲಿ ಇರುತ್ತೇವೆ. ನಾನು ಇಸ್ತ್ರಿ ಕೋಣೆಯಲ್ಲಿ, ಬಿಸಿ ರೋಲರಿನ ಎದುರು. ಅವಳು ಕೊಳೆ ಕೋಣೆಯಲ್ಲಿ, ವಾರ್ಡುಗಳಿಂದ ಬರುವ ಚೀಲ ಬಿಚ್ಚಿ ಬಟ್ಟೆ ಬೇರ್ಪಡಿಸುವ ಮೇಜಿನಲ್ಲಿ. ಸೋಂಕಿನ ವಾರ್ಡಿನ ಹಳದಿ ಚೀಲಗಳನ್ನೂ ಅವಳೇ ಬಿಚ್ಚಬೇಕು. ಅವಳಿಗೆ ಉಬ್ಬಸ. ಮೊದಲ ಅಲೆಯಲ್ಲಿ ಅವಳ ಪಕ್ಕದ ಮೇಜಿನವಳು ತೀರಿಕೊಂಡಳು. ಈಗ ಹಳದಿ ಚೀಲಗಳು ಮತ್ತೆ ಹೆಚ್ಚುತ್ತಿವೆ. ಲಸಿಕೆ ಯಾರಿಗಾದರೂ ಮೊದಲು ಸಿಗಬೇಕಾದದ್ದಿದ್ದರೆ ಅದು ಇವಳಿಗೆ. ನಾನು ಗಂಟಲು ಹರಿದುಕೊಳ್ಳುತ್ತಿರುವುದೂ ಅದಕ್ಕೇ.

ಅಕ್ಕ ಚಹಾಕ್ಕೆ ಬ್ರೆಡ್ಡು ಅದ್ದುತ್ತಾ ಕೇಳಿಸಿಕೊಂಡಳು.

"ಏ ಕಾರ್ಯದರ್ಶಿ, ಇಲ್ಲ ಅಂದಿದ್ದಕ್ಕೆ ಬೇಕು ಅಂತಿದ್ದೀಯ. ಕೊಟ್ರೆ ಏನು ಮಾಡ್ತೀಯ?"

"ಚುಚ್ಚಿಸ್ಕೋತೀನಿ. ನೀನೂ ಚುಚ್ಚಿಸ್ಕೋತೀಯ."

"ನಾನಿಲ್ಲಪ್ಪ."

ಹಾಗೆಂದು ಎದ್ದು ಲೋಟ ತೊಳೆಯಲು ಹೋದಳು.

ಜನವರಿ ೫, ಮಂಗಳವಾರ

ನಾನು ಬೀದಿಯಲ್ಲಿ ನಿಂತು ಕೂಗುತ್ತಿರುವುದು ಯಾರಿಗಾಗಿ? ಸಂಜೆ ಅಕ್ಕನನ್ನು ಹಿಡಿದು ಕೂರಿಸಿ ಕೇಳಿದೆ, ಯಾಕೆ ಬೇಡ?

"ಆ ಬಿಳಿ ಮಾತ್ರೆ ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು. ಮೊದಲ ಅಲೆಯಲ್ಲಿ ಕೊಳೆ ಕೋಣೆಯವರಿಗೆಲ್ಲ ಹಂಚಿದ್ದರು, ರೋಗ ಹತ್ತಿರ ಸುಳಿಯುವುದಿಲ್ಲ ಎಂದು. ದೊಡ್ಡ ಡಾಕ್ಟರು ಸ್ವತಃ ಬಂದು, ಕ್ಯಾಮೆರಾದ ಮುಂದೆ, ಅಕ್ಕನ ಅಂಗೈಯಲ್ಲಿ ಇಟ್ಟರು. ಒಂದು ದಿನವೂ ಬಿಡದೆ ನುಂಗಿದಳು. ಎದೆ ಡವಡವ, ಹೊಟ್ಟೆ ತೊಳಸು, ಆದರೂ ನುಂಗಿದಳು. ಆಮೇಲೆ ಒಂದು ದಿನ ಮಾತ್ರೆ ಬರಲಿಲ್ಲ. ಕೇಳಿದರೆ 'ನಿಂತಿದೆ' ಎಂದರು, ಅಷ್ಟೇ. ಅದರಿಂದ ಉಪಯೋಗವಿಲ್ಲ, ಕೆಲವರ ಎದೆಗೆ ತೊಂದರೆಯೂ ಆಗಬಹುದು ಎಂದು ಆಕೆಗೆ ತಿಳಿದದ್ದು ಬ್ರೆಡ್ಡಿನ ಅಂಗಡಿಯ ಟೀವಿಯಿಂದ.

"ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ನನಗೆ ಸಿಟ್ಟಿಲ್ಲ ಕಣೇ. ಯಾರಿಗೆ ತಾನೇ ಗೊತ್ತಿತ್ತು? ಕೊಡೋವಾಗ ಕೈಗೆ ಕೊಟ್ರು, ತಪ್ಪಾಯ್ತು ಅನ್ನೋವಾಗ ಟೀವಿಗೆ ಹೇಳಿದ್ರು. ಅದೇ ಬಾಯಿ ಈಗ ಲಸಿಕೆ ಒಳ್ಳೇದು ಅಂತಿದೆ. ಆ ಬಾಯಿ ಮೊದಲು ಇಲ್ಲಿ ಬಂದು ಆ ಮಾತು ಆಡ್ಲಿ. ಆಮೇಲೆ ನನ್ನ ತೋಳು."

ಇದು ಹಟ. ಶುದ್ಧ ಹಟ. ಹಾಗಂತ ಬರೆದ ಮೇಲೆ ಯಾಕೋ ಪೆನ್ನು ಮುಂದೆ ಹೋಗುತ್ತಿಲ್ಲ.

ಜನವರಿ ೧೨, ಮಂಗಳವಾರ

ಗೆದ್ದೆವು!

ಚಹಾದ ಬಿಡುವಿನಲ್ಲಿ ಎರಡೂ ಪಾಳಿಯವರು ಆಡಳಿತ ಕಚೇರಿಯ ಮೆಟ್ಟಿಲ ಮುಂದೆ ಕೂತೆವು. ಏಪ್ರನ್ನು ಬಿಚ್ಚದೆ, ಮುಖಗವಸು ಕಟ್ಟಿ, ಮಧ್ಯೆ ಅಂತರ ಬಿಟ್ಟು. ಬೈಯುವುದಕ್ಕೂ ಅವರಿಗೊಂದು ನೆಪ ಸಿಗಬಾರದು. ಪ್ರತಿಯೊಬ್ಬರ ಮಡಿಲಲ್ಲಿ ಒಂದು ಖಾಲಿ ಹಳದಿ ಚೀಲ. ಘೋಷಣೆ ಒಂದೇ: "ಮುಟ್ಟಲು ನಾವು ಬೇಕು, ಮದ್ದಿಗೆ ನಾವು ಬೇಡವೇ?" ಬರೆದದ್ದು ನಾನೇ, ಆದ್ದರಿಂದ ಚೆನ್ನಾಗಿದೆ ಎಂದು ಹೇಳಿಕೊಳ್ಳುವುದಿಲ್ಲ. ಚೆನ್ನಾಗಿದೆ.

ಪತ್ರಿಕೆಯವರು ಬಂದರು. 'ಮುಂದಿನ ವಾರ' ಸಾಹೇಬರು ಮೆಟ್ಟಿಲಿಳಿದು ಬಂದು, ಜೀವಮಾನದಲ್ಲಿ ಮೊದಲ ಸಲ, "ಇದೇ ವಾರ ಹೇಳ್ತೀನಿ" ಎಂದರು. ಸಂಜೆಯೊಳಗೆ ಹೇಳಿಯೂ ಹೇಳಿದರು. ಗುತ್ತಿಗೆಯವರೂ ಸೇರಿ, ಲಾಂಡ್ರಿಯ ಎಲ್ಲರಿಗೂ ಲಸಿಕೆ.

ಅಕ್ಕನೂ ಚೀಲ ಹಿಡಿದು ಮೊದಲ ಸಾಲಿನಲ್ಲೇ ಕೂತಿದ್ದಳು. ನನ್ನ ಘೋಷಣೆಯನ್ನು ನನಗಿಂತ ಜೋರಾಗಿ ಕೂಗಿದಳು. ದಾರಿಯಲ್ಲಿ ಕೇಳಿದೆ, "ಬೇಡದ ಮದ್ದಿಗೆ ಇಷ್ಟು ಗಂಟಲೇನೇ?"

"ಬೇಡ ಅನ್ನೋಕೂ ಮೊದಲು ಅದು ನನ್ನದಾಗ್ಬೇಕಲ್ಲ."

ಇವಳನ್ನು ಸಂಘದ ಅಧ್ಯಕ್ಷೆ ಮಾಡಬೇಕಿತ್ತು. ಆದರೆ ಯಾರ ಮಾತೂ ಕೇಳುವುದಿಲ್ಲ.

ಜನವರಿ ೧೫, ಶುಕ್ರವಾರ

ಲಸಿಕೆಯ ಉಸ್ತುವಾರಿಗೆ ಒಬ್ಬ ಡಾಕ್ಟರು ಬಂದಿದ್ದಾರೆ. ಹೆಂಗಸು, ನನಗಿಂತ ಚಿಕ್ಕವರು, ಕೂದಲು ಬಾಚಿಕೊಳ್ಳಲು ಪುರುಸೊತ್ತಿಲ್ಲದ ಮುಖ. ಲಾಂಡ್ರಿಯವರಿಗೆ ಮೂರು ಕಂತಿನಲ್ಲಿ ಕೊಡೋಣ, ಕೆಲವರಿಗೆ ಈಗ, ಕೆಲವರಿಗೆ ಆಮೇಲೆ ಎಂದರು.

ನಾನು ಬಿಟ್ಟೇನೆಯೇ? ಇದು ನಮ್ಮನ್ನು ಒಡೆಯುವ ಆಟ. ಮೊದಲ ಕಂತು ಕೊಟ್ಟು, ಫೋಟೋ ತೆಗೆದು, ಎರಡನೆಯ ಕಂತಿಗೆ 'ಮುಂದಿನ ವಾರ' ಎನ್ನುತ್ತಾರೆ. ಎಷ್ಟು ಸಲ ನೋಡಿಲ್ಲ! ನಮ್ಮ ಸಂಘದಲ್ಲಿ ಯಾರೂ ಒಬ್ಬರೇ ಸಾಹೇಬರ ಕೋಣೆಗೆ ಹೋಗುವುದಿಲ್ಲ. ಯಾರೂ ಒಬ್ಬರೇ ಸಹಿ ಹಾಕುವುದಿಲ್ಲ. ಎಲ್ಲರೂ, ಇಲ್ಲವೇ ಯಾರೂ ಇಲ್ಲ. ಇದೇ ನಮ್ಮ ಕಾನೂನು, ಈ ಕಾನೂನಿನಿಂದಲೇ ನಾವು ಇಷ್ಟು ವರ್ಷ ಉಳಿದಿದ್ದೇವೆ.

"ಮೇಡಂ, ಕೊಟ್ರೆ ಎಲ್ಲರಿಗೂ ಒಂದೇ ದಿನ ಕೊಡಿ."

"ಅಲ್ಲಮ್ಮ, ಕಂತು ಯಾಕೆ ಅಂದ್ರೆ..."

"ನಮ್ಮನ್ನ ಒಡೀಬೇಡಿ."

"ನಾನು ಯಾಕೆ ಒಡೀಲಿ? ಮಾರನೇ ದಿನ..."

"ಮಾರನೇ ದಿನದ ಮಾತು ಸಾಹೇಬರಿಂದ ಬೇಕಾದಷ್ಟು ಕೇಳಿದ್ದೀವಿ ಮೇಡಂ."

ಡಾಕ್ಟರು ನನ್ನ ಮುಖ ನೋಡಿ, ಸೋತು, "ಸರಿ, ಬುಧವಾರ, ಎಲ್ಲರೂ" ಎಂದರು. ಇನ್ನೊಂದು ಗೆಲುವು.

ಜನವರಿ ೧೮, ಸೋಮವಾರ

ಗೆದ್ದ ಮೇಲೆ ಭಯ ಶುರುವಾಗಿದೆ. ವಿಚಿತ್ರ. ಕೊಡುವುದಿಲ್ಲ ಎಂದಾಗ ಬೇಕೇ ಬೇಕು ಎಂದವರು, ಕೊಡುತ್ತೇವೆ ಎಂದ ಕೂಡಲೇ ಯಾಕೆ ಕೊಡುತ್ತಿದ್ದಾರೆ ಎನ್ನುತ್ತಾರೆ.

ಮಧ್ಯಾಹ್ನ ಬಾಯ್ಲರ್ ಮಾವ ರೋಲರಿನ ಹತ್ತಿರ ಬಂದರು. ಬಾಯ್ಲರು ನೋಡಿಕೊಳ್ಳುವ ಹಿರಿಯರು, ಯಾರಿಗೂ ಸ್ವಂತ ಮಾವನಲ್ಲ, ಎಲ್ಲರಿಗೂ ಮಾವ.

"ತಾಯಿ, ಒಂದು ಅನುಮಾನ. ನಮ್ಮ ಬಾಯ್ಲರಿನ ಒಂದು ವಾಲ್ವು ತರ್ಸೋಕೆ ಇವರಿಗೆ ಎರಡು ವರ್ಷ ಬೇಕಾಯ್ತು. ಲಸಿಕೆ ಒಂದೇ ವರ್ಷದಲ್ಲಿ ಹೆಂಗೆ ಮಾಡಿಬಿಟ್ರು?"

ಎಲ್ಲರೂ ನಕ್ಕರು. ನಕ್ಕು ನನ್ನ ಕಡೆ ತಿರುಗಿದರು. ಉತ್ತರ ಹೇಳು ಎಂಬ ಹಾಗೆ.

ನಾನು ಐದು ನಿಮಿಷ ಮಾತಾಡಿದೆ. ಹಕ್ಕು, ಹೋರಾಟ, ಚರಿತ್ರೆ, ಒಗ್ಗಟ್ಟು ಎಲ್ಲ ಬಂತು. ಚಪ್ಪಾಳೆಯೂ ಬಂತು. ಬಾಯ್ಲರ್ ಮಾವ ಕೊನೆಗೆ, "ಅದು ಸರಿ ತಾಯಿ. ಆದ್ರೆ ಹೆಂಗೆ ಮಾಡಿದ್ರು?" ಎಂದರು.

ನಿಜ, ಹೇಗೆ ಮಾಡಿದರು? ನನಗೇ ಗೊತ್ತಿಲ್ಲ ಎಂಬುದು ಅಷ್ಟು ಹೊತ್ತು ನನಗೇ ಗೊತ್ತಿರಲಿಲ್ಲ.

ಜನವರಿ ೨೦, ಬುಧವಾರ

ಆಯಿತು. ಇಸ್ತ್ರಿ ಕೋಣೆಯಲ್ಲೇ ಮೇಜು ಹಾಕಿದರು. ಮೊದಲು ನಾನು, ಕೊನೆಗೆ ಬಾಯ್ಲರ್ ಮಾವ. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಮಾವ ಮಾತ್ರ ಚುಚ್ಚುವ ಮೊದಲೇ "ಅಯ್ಯೋ" ಎಂದರು. ಎರಡೂ ಪಾಳಿ, ಒಗೆಯುವವರು, ಒಣಗಿಸುವವರು, ಮಡಚುವವರು, ಎಲ್ಲರೂ ಒಂದೇ ದಿನ, ಒಂದೇ ಸಾಲು. ಕಣ್ಣು ತುಂಬಿ ಬಂತು.

ಎಲ್ಲರೂ ಎಂದೆನಲ್ಲ, ಒಬ್ಬಳನ್ನು ಬಿಟ್ಟು.

ಅಕ್ಕ ಕೊಳೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲಸಿಕೆ ಡಾಕ್ಟರು ಕರೆದರು. ತಲೆಯಾಡಿಸಿದಳು. ನಾನು ಹೋಗಿ ಕಿವಿಯಲ್ಲಿ, "ಎಲ್ಲರೂ ಇಲ್ಲವೇ ಯಾರೂ ಇಲ್ಲ ಅನ್ನೋದು ನಿನಗೂ ಸೇರಿ. ಸಂಘದ ಮಾನ ತೆಗೀಬೇಡ" ಎಂದೆ.

"ಸಂಘ ನನ್ನ ಸಂಬಳಕ್ಕೆ ಮಾತಾಡ್ಲಿ. ನನ್ನ ತೋಳು ನನ್ನ ಮಾತು ಕೇಳ್ಲಿ."

ತೋಳು ಭಾರವಾಗಿದೆ. ಮೈಯಲ್ಲಿ ಏನೋ ಚಳಿ.

ಜನವರಿ ೨೧, ಗುರುವಾರ

ಜ್ವರ. ಮೂಳೆಗಳೆಲ್ಲ ಯಾರೋ ಹಿಂಡಿದ ಹಾಗೆ. ಬರೆಯಲು ಆಗದು.

ಫೋನು ಒಂದೇ ಸಮ. ರೋಲರಿನವಳಿಗೂ ಜ್ವರ. ಡ್ರೈಯರಿನವರಿಗೂ ಜ್ವರ. ಬಾಯ್ಲರ್ ಮಾವನಿಗೂ ಜ್ವರ. ಅಕ್ಕ ನೀರಿನ ಪಾತ್ರೆ, ಜ್ವರದ ಮಾತ್ರೆ ತಲೆದೆಸೆಯಲ್ಲಿಟ್ಟು, ಒಬ್ಬಳೇ ಕೆಲಸಕ್ಕೆ ಹೋದಳು.

ಜನವರಿ ೨೩, ಶನಿವಾರ

ಮೈ ಹಗುರವಾಗಿದೆ. ನಿನ್ನೆ ಸಂಜೆಗೇ ಜ್ವರ ಇಳಿದಿತ್ತು. ಅಕ್ಕನಿಂದ ಎಲ್ಲ ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ನಗುತ್ತಾ ಹೇಳಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯದು.

ಗುರುವಾರ ಬೆಳಗ್ಗೆ ಲಾಂಡ್ರಿಗೆ ಬಂದದ್ದು ಅವಳೊಬ್ಬಳು. ಹತ್ತು ಗಂಟೆಯ ಹೊತ್ತಿಗೆ ವಾರ್ಡುಗಳಿಂದ ಫೋನು, ಹಾಸಿಗೆ ಬಟ್ಟೆ ಎಲ್ಲಿ, ಗೌನು ಎಲ್ಲಿ ಎಂದು. 'ಮುಂದಿನ ವಾರ' ಸಾಹೇಬರು ಕೆಂಡವಾಗಿ ಓಡಿ ಬಂದರಂತೆ.

"ಹೇಳದೆ ಕೇಳದೆ ಮುಷ್ಕರ ಮಾಡ್ತೀರಾ? ಲಸಿಕೆ ಕೊಟ್ಟ ಮಾರನೇ ದಿನ? ಎಲ್ಲಿ ನಿಮ್ಮ ತಂಗಿ?"

"ಜ್ವರ, ಸಾರ್. ಎಲ್ಲರಿಗೂ ಜ್ವರ. ಒಂದೇ ದಿನ ಚುಚ್ಚಿಸ್ಕೊಂಡ್ರು, ಒಂದೇ ದಿನ ಮಲಗಿದ್ರು. ಒಗ್ಗಟ್ಟು."

ಸಾಹೇಬರು ನಂಬಲಿಲ್ಲ. ಅಷ್ಟರಲ್ಲಿ ಲಸಿಕೆ ಡಾಕ್ಟರು ಬಂದು, "ಇದನ್ನೇ ನಾನು ಅವರಿಗೆ ಹೇಳೋಕೆ ಹೋಗಿದ್ದು. ಲಸಿಕೆ ತಗೊಂಡ ಮಾರನೇ ದಿನ ಕೆಲವರಿಗೆ ಜ್ವರ ಬರತ್ತೆ, ಒಂದೆರಡು ದಿನದಲ್ಲಿ ಹೋಗತ್ತೆ. ಅದಕ್ಕೇ ಒಂದು ವಿಭಾಗದವರಿಗೆಲ್ಲ ಒಟ್ಟಿಗೆ ಕೊಡಬಾರದು ಅಂತ ಕಂತು ಹಾಕಿದ್ದು" ಎಂದರಂತೆ.

ಓ ದೇವರೇ! ಒಡೆಯಬೇಡಿ ಎಂದು ಅವರ ಬಾಯಿ ಮುಚ್ಚಿಸಿದವಳು ನಾನು.

"ಕೆಲವರಿಗೆ ಅಂದ್ರಲ್ಲ, ಇಲ್ಲಿ ಎಲ್ಲರೂ ಮಲಗಿದ್ದಾರಲ್ಲ?" ಎಂದು ಅಕ್ಕ ಕೇಳಿದಳಂತೆ. ನಿಜಕ್ಕೂ ಜ್ವರ ಬಂದದ್ದು ಅರ್ಧಕ್ಕೂ ಹೆಚ್ಚು ಮಂದಿಗೆ. ಉಳಿದವರು ಸುಮ್ಮನೆ ಮನೆಯಲ್ಲಿದ್ದರು. ಅವರಿಗೆ ಜ್ವರ ಬಂದಿದೆ, ನಾವು ಹೋದರೆ ಸಂಘಕ್ಕೆ ದ್ರೋಹವಾದೀತು ಎಂದು! ಇದು ನಮ್ಮವರಿಂದ ಮಾತ್ರ ಸಾಧ್ಯ.

ಆಮೇಲೆ ನಡೆದದ್ದನ್ನು ನೋಡಲು ನಾನಿರಬೇಕಿತ್ತು. ಅಕ್ಕ ಯಂತ್ರಕ್ಕೆ ಬಟ್ಟೆ ತುಂಬಿದಳು. ಬಿಡುವಿದ್ದ ದಾದಿಯರು ಬಂದರು. ಡಾಕ್ಟರು ತೋಳೇರಿಸಿ ದಿಂಬಿನ ಕವರು ಮಡಚಿದರು. ಸಾಹೇಬರು ಹಾಸಿಗೆ ಬಟ್ಟೆಯ ಒಂದು ತುದಿ, ಅಕ್ಕ ಇನ್ನೊಂದು ತುದಿ.

"ಎಳೀರಿ ಸಾರ್, ಎಳೀರಿ. ಮುಂದಿನ ವಾರ ಎಳೆದ್ರೆ ಸುಕ್ಕು ಹೋಗಲ್ಲ."

ಸಾಹೇಬರು ನಕ್ಕರಂತೆ. ನಾನು ನಂಬುವುದಿಲ್ಲ.

ಮಡಚುತ್ತಾ ಅಕ್ಕ ಡಾಕ್ಟರನ್ನು ಮಾತಿಗೆಳೆದಳು. ಅವರು ಲಸಿಕೆಯ ಪರೀಕ್ಷೆಗೆ ತಾವೇ ಸೇರಿದ್ದರಂತೆ, ಎಲ್ಲರಿಗಿಂತ ಮೊದಲು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಡಾಕ್ಟರಿಗೆ ಚುಚ್ಚಿದ ದಿನವೇ ತೋಳು ನೋವು, ತಲೆ ಭಾರ. ಸಿಕ್ಕಿದ್ದು ಲಸಿಕೆಯೇ ಎಂದು ತಿಂಗಳುಗಟ್ಟಲೆ ಬೀಗಿಕೊಂಡು ಓಡಾಡಿದರು. ಕೊನೆಗೆ ತಿಳಿಯಿತು, ಉಪ್ಪುನೀರು.

"ಉಪ್ಪುನೀರಿಗೆ ತಲೆನೋವು ಬಂತಾ ಮೇಡಂ ನಿಮಗೆ!" ಅಕ್ಕ ಹೇಳುವಾಗಲೂ ಹೊಟ್ಟೆ ಹಿಡಿದು ನಕ್ಕಳು. "ಅವರೂ ನಕ್ಕರು ಕಣೇ. ತನ್ನ ಪೆದ್ದುತನ ತಾನೇ ಹೇಳ್ಕೊಳ್ಳೋ ಡಾಕ್ಟರನ್ನ ನಾನು ನೋಡಿದ್ದು ಇದೇ ಮೊದಲು."

"ಹಾಗಿದ್ರೆ ಚುಚ್ಚಿಸ್ಕೋತೀಯಾ?"

"ಮಾತ್ರೆ ಕೊಟ್ಟಿದ್ದು ಅವರಲ್ಲವಲ್ಲ."

ಜನವರಿ ೨೫, ಸೋಮವಾರ

ಬ್ರೆಡ್ಡಿನ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನನ್ನು ನೋಡಿ ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟಳು.

"ಅಯ್ಯೋ, ಇದ್ದೀರಾ ನೀವು?"

"ಇರದೆ?"

"ಲಾಂಡ್ರಿಯವರೆಲ್ಲ ಮಲಗಿಬಿಟ್ರು, ಕೆಲವರು ಏಳಲೇ ಇಲ್ಲ ಅಂದ್ರು. ನಾನು ನಮ್ಮ ಅತ್ತೆಯ ಸರದಿ ಬೇಡ ಅಂತ ಬಿಡಿಸಿಬಿಟ್ಟೆ."

ಬೀದಿಯೆಲ್ಲ ಇದೇ ಮಾತು. ಒಬ್ಬೊಬ್ಬರಾಗಿ ಮಲಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಟ್ಟಿಗೆ ಮಲಗಿದ್ದಕ್ಕೆ ಊರಿಗೆ ಊರೇ ನೋಡಿತು. ನಮ್ಮ ಶಕ್ತಿ ಇರುವುದೇ ಒಟ್ಟಿಗೆ ಕಾಣಿಸಿಕೊಳ್ಳುವುದರಲ್ಲಿ. ಈ ಸಲ ಅದೇ ಶಕ್ತಿ ಒಬ್ಬ ಮುದುಕಿಯ ಸರದಿಯನ್ನು ತಪ್ಪಿಸಿತು.

ಅಂಗಡಿಯ ಮುಂದೆ ನಿಂತು ಹೇಳಿದೆ. ಜ್ವರ ಬಂತು, ಹೌದು. ಮೈಕೈ ನೋವು, ಹೌದು. ಎರಡು ದಿನ. ಎಲ್ಲರೂ ಎದ್ದಿದ್ದೇವೆ, ಯಾರೂ ಸತ್ತಿಲ್ಲ. ನಿಂತು ಕೇಳಿದವರಲ್ಲಿ ಒಬ್ಬ ಮುದುಕ, "ಹತ್ತು ವರ್ಷದ ಮೇಲೆ ಏನಾದ್ರೂ ಆದ್ರೆ?" ಎಂದ. ಭಾಷಣ ನಾಲಿಗೆಯ ತುದಿಗೆ ಬಂದಿತ್ತು. "ನನಗೆ ಗೊತ್ತಿಲ್ಲ. ಕೇಳಿ ಹೇಳ್ತೀನಿ" ಎಂದೆ. ಮುದುಕ ತಲೆದೂಗಿದ. ಗೊತ್ತಿಲ್ಲ ಎಂದದ್ದಕ್ಕೆ ಯಾರಾದರೂ ತಲೆದೂಗುತ್ತಾರೆಯೇ!

ಲಾಂಡ್ರಿಯಲ್ಲಿ ಬಾಯ್ಲರ್ ಮಾವ, "ಏನು ತಾಯಿ, ಜ್ವರ ಬಿಟ್ಟ ಮೇಲೆ ನಿನ್ನ ದನಿ ಇಳಿದಿದೆಯಲ್ಲ" ಎಂದರು. ಇರಬಹುದು. ಗಂಟಲು ಇನ್ನೂ ಸರಿಹೋಗಿಲ್ಲ.

ಜನವರಿ ೨೭, ಬುಧವಾರ

ಲಸಿಕೆ ಡಾಕ್ಟರ ಹತ್ತಿರ ಹೋಗಿದ್ದೆ. ಒಬ್ಬಳೇ. ಸಂಘದ ಕಾನೂನು ಮುರಿದ ಹಾಗಾಯಿತೋ ಏನೋ. ಆದರೆ ಬೇಡಿಕೆ ಹಿಡಿದು ಹೋಗಿರಲಿಲ್ಲ, ಕೇಳಲು ಹೋಗಿದ್ದೆ.

ಮೊದಲು ಬಾಯ್ಲರ್ ಮಾವನ ಪ್ರಶ್ನೆ. ಒಂದೇ ವರ್ಷದಲ್ಲಿ ಹೇಗೆ?

ಡಾಕ್ಟರು ಹೇಳಿದ್ದು ನನಗೆ ಅರ್ಥವಾದ ಹಾಗೆ: ಇಂಥ ರೋಗಾಣುಗಳ ಮೇಲೆ ಬಹಳ ವರ್ಷದಿಂದ ಕೆಲಸ ನಡೆದಿತ್ತು, ಸೊನ್ನೆಯಿಂದ ಶುರುವಾದದ್ದಲ್ಲ. ಒಂದು ಹಂತ ಮುಗಿಯುವ ಮೊದಲೇ ಇನ್ನೊಂದು ಹಂತಕ್ಕೆ ಸಿದ್ಧತೆ. ಫಲಿತಾಂಶ ಬರುವ ಮೊದಲೇ ಕಾರ್ಖಾನೆಯಲ್ಲಿ ತಯಾರಿ, ಕೆಲಸ ಮಾಡದಿದ್ದರೆ ಅಷ್ಟನ್ನೂ ಚೆಲ್ಲುವುದು ಎಂದುಕೊಂಡು. ಪರೀಕ್ಷೆಗೆ ಸಾವಿರಾರು ಜನ ಬೇಗ ಸಿಕ್ಕರು. ರೋಗ ಎಲ್ಲೆಲ್ಲೂ ಇದ್ದದ್ದರಿಂದ, ಅದು ತಗುಲಿದ್ದು ಲಸಿಕೆಯವರಲ್ಲಿ ಎಷ್ಟು ಮಂದಿಗೆ, ಉಪ್ಪುನೀರಿನವರಲ್ಲಿ ಎಷ್ಟು ಮಂದಿಗೆ ಎಂಬ ವ್ಯತ್ಯಾಸವೂ ಬೇಗ ಕಂಡಿತು.

"ಹಾಗಾದ್ರೆ ಯಾವುದನ್ನೂ ಬಿಟ್ಟಿಲ್ಲ?"

"ಒಂದು ಬಿಟ್ಟಿದ್ದೀವಿ. ಕಾಯೋದು. ಹತ್ತು ವರ್ಷ ಆದ್ಮೇಲೆ ಹೆಂಗಿರತ್ತೆ ಅಂತ ಹತ್ತು ವರ್ಷ ಆಗದೆ ಯಾರೂ ಹೇಳೋಕಾಗಲ್ಲ. ಲಸಿಕೆಗಳ ತೊಂದರೆ ಸಾಮಾನ್ಯವಾಗಿ ಮೊದಲ ವಾರಗಳಲ್ಲೇ ಗೊತ್ತಾಗತ್ತೆ, ಇದುವರೆಗಿನ ಅನುಭವ ಅದು. ಅದಕ್ಕೇ ನಾನು ಧೈರ್ಯವಾಗಿ ತಗೊಂಡೆ, ಈ ಸಲ ಉಪ್ಪುನೀರಲ್ಲದ್ದು."

"ತಗೊಂಡವರಿಂದ ಬೇರೆಯವರಿಗೆ ರೋಗ ಹರಡಲ್ವಾ?"

"ಇನ್ನೂ ನೋಡ್ತಿದ್ದೀವಿ. ಮುಖಗವಸು ಬಿಚ್ಚಬೇಡಿ."

"ಉಬ್ಬಸ ಇರೋರು?"

ಡಾಕ್ಟರು ಪೆನ್ನು ಕೆಳಗಿಟ್ಟರು. ಯಾರ ವಿಷಯ ಎಂದು ಗೊತ್ತಾಗಿತ್ತು. "ತಗೋಬಹುದು. ಉಬ್ಬಸ ಇರೋರಿಗೆ ರೋಗ ಬಂದ್ರೆ ನನಗೆ ಜಾಸ್ತಿ ಭಯ. ಚುಚ್ಚಿದ ಮೇಲೆ ಅರ್ಧ ಗಂಟೆ ನನ್ನ ಕಣ್ಣ ಮುಂದೆ ಕೂರಿಸ್ಕೋತೀನಿ."

ಬರುವಾಗ ಹೊಸತೊಂದು ಪ್ರಶ್ನೆ ಹುಟ್ಟಿತು, ಬಾಗಿಲಲ್ಲೇ ತಿರುಗಿ ಡಾಕ್ಟರನ್ನು ಕೇಳಿದೆ. ಮಾತ್ರೆಯ ಮೇಲೆ ಇಂಥ ಪರೀಕ್ಷೆ ಮೊದಲೇ ಮಾಡಿರಲಿಲ್ಲವೇ? ಮಾಡಿರಲಿಲ್ಲವಂತೆ. ಪರೀಕ್ಷೆ ಆಮೇಲೆ ನಡೆಯಿತು, ಅದು ಮುಗಿದ ಮೇಲೇ ಮಾತ್ರೆ ನಿಲ್ಲಿಸಿದ್ದು. ಅಂದರೆ ಕೊಟ್ಟದ್ದು ಆಸೆಯಿಂದ, ನಿಲ್ಲಿಸಿದ್ದು ಅರಿವಿನಿಂದ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಬಟ್ಟೆಯ ಒಂದು ಮಡಿಕೆ ಹಾಕುವಷ್ಟು.

ಜನವರಿ ೨೮, ಗುರುವಾರ

'ಮುಂದಿನ ವಾರ' ಸಾಹೇಬರು ಕರೆಸಿದ್ದರು. ಮೂವರು ಹೋದೆವು. ಕುರ್ಚಿ ಕೊಟ್ಟರು! ಚಹಾ ಬಂತು! ಇಷ್ಟು ಮರ್ಯಾದೆ ಬಂದರೆ ಏನೋ ಕೇಳುತ್ತಾರೆ ಎಂದೇ ಲೆಕ್ಕ.

ಕೇಳಿದರು. ಲಾಂಡ್ರಿಯ ಸುದ್ದಿಯಿಂದ ಊರಲ್ಲಿ ಜನ ಲಸಿಕೆಯ ಸರದಿ ಬಿಡುತ್ತಿದ್ದಾರೆ. ಸಂಘದ ಹೆಸರಿನಲ್ಲಿ ಒಂದು ಹೇಳಿಕೆ ಬೇಕು: 'ಲಸಿಕೆ ಸಂಪೂರ್ಣ ಸುರಕ್ಷಿತ, ಯಾವ ತೊಂದರೆಯೂ ಆಗಲಿಲ್ಲ.' ಅದಕ್ಕೆ ಬದಲು ಫ್ಯಾನು ನಾಳೆಯೇ ಕೂರಿಸುತ್ತಾರೆ.

ಫ್ಯಾನು! ನಾವು ವರ್ಷದಿಂದ ಬೇಡುತ್ತಿರುವ ಫ್ಯಾನು ನಾಳೆಯೇ ಬರಬಹುದಂತೆ, ಒಂದು ಸುಳ್ಳಿಗೆ.

"ತೊಂದರೆ ಆಯ್ತಲ್ಲ ಸಾರ್. ಎರಡು ದಿನ ಜ್ವರ. ನೀವೇ ಬಟ್ಟೆ ಮಡಚಿದ್ರಿ."

"ಅದು ಸಣ್ಣ ವಿಷಯ."

"ಸಣ್ಣ ವಿಷಯ ಮುಚ್ಚಿಟ್ರೆ ದೊಡ್ಡ ವಿಷಯಾನೂ ಮುಚ್ಚಿಟ್ಟಿದ್ದಾರೆ ಅಂತ ಜನ ಅನ್ಕೋತಾರೆ. ನಮಗೆ ಏನಾಯ್ತು, ಎಷ್ಟು ದಿನ ಆಯ್ತು, ಏನು ಗೊತ್ತು, ಏನು ಗೊತ್ತಿಲ್ಲ, ಅಷ್ಟನ್ನ ನಮ್ಮ ಬಾಯಲ್ಲೇ ಹೇಳ್ತೀವಿ. ಸಂಪೂರ್ಣ ಅನ್ನೋ ಮಾತು ನಮ್ಮ ಬಾಯಲ್ಲಿ ಬರಲ್ಲ."

"ಮತ್ತೆ ಫ್ಯಾನು?"

"ಅದು ನಮ್ಮ ಹಕ್ಕು. ಅದನ್ನ ಬೇರೆ ದಿನ ಜಗಳ ಮಾಡಿ ತಗೋತೀವಿ."

ಆಮೇಲೆ ಅಕ್ಕನ ಮಾತಿಟ್ಟೆ. ಬಿಳಿ ಮಾತ್ರೆ ಕೊಟ್ಟ ದೊಡ್ಡ ಡಾಕ್ಟರು ಲಾಂಡ್ರಿಗೆ ಬರಬೇಕು. ಅದು ಕೆಲಸ ಮಾಡಲಿಲ್ಲ ಎಂದು ನಮ್ಮೆದುರು ಹೇಳಬೇಕು. ಸಾಹೇಬರ ಮುಖ ಹುಳ್ಳಗಾಯಿತು.

"ಅದೆಲ್ಲ ಮುಗಿದ ಕಥೆ. ಅವರು ದೊಡ್ಡ ಮನುಷ್ಯರು. ನೋಡೋಣ, ಮುಂದಿನ ವಾರ..."

ಹಿಂದೆ ಕೂತಿದ್ದ ಲಸಿಕೆ ಡಾಕ್ಟರು, "ಮುಂದಿನ ವಾರ ಯಾಕೆ ಸಾರ್? ನಾನೇ ಕರ್ಕೊಂಡು ಬರ್ತೀನಿ. ನಾನು ಅವರ ಹತ್ರಾನೇ ಓದಿದ್ದು" ಎಂದರು.

ಜನವರಿ ೩೦, ಶನಿವಾರ

ಕೊಳೆ ಕೋಣೆಗೆ ಇಡೀ ದಿನ ಹಳದಿ ಚೀಲ. ಅಕ್ಕ ಮನೆಗೆ ಬಂದು ಗೋಡೆಗೊರಗಿ ಕೂತಳು. ಉಸಿರು ಸಿಳ್ಳೆ ಹಾಕುತ್ತಿತ್ತು. ಉಬ್ಬಸದ್ದೇ ಎಂದಳು. ಜ್ವರವಿಲ್ಲ. ಹಣೆ ಮುಟ್ಟಿ ಮುಟ್ಟಿ ನೋಡಿದೆ.

ಬೈಯಲಿಲ್ಲ. ಏನು ಯೋಚಿಸುತ್ತಿದ್ದೀಯ ಎಂದಷ್ಟೇ ಕೇಳಿದೆ.

"ಭಯ ಆಗ್ತಿದೆ ಕಣೇ. ರೋಗಕ್ಕೂ ಭಯ, ಸೂಜಿಗೂ ಭಯ. ಎರಡೂ ಕಡೆ ಭಯ ಇರೋಳು ನಾನೊಬ್ಬಳೇನಾ?"

"ಅಲ್ಲ" ಎಂದೆ. ಪಕ್ಕದಲ್ಲಿ ಕೂತೆ.

ಫೆಬ್ರವರಿ ೧, ಸೋಮವಾರ

ದೊಡ್ಡ ಡಾಕ್ಟರು ಬಂದರು. ಕ್ಯಾಮೆರಾ ಇರಲಿಲ್ಲ. ಇಸ್ತ್ರಿ ಕೋಣೆಯ ಬಿಸಿಗೆ ಕನ್ನಡಕ ಮಂಜಾಯಿತು. ತೆಗೆದು ಒರೆಸಿದರು, ಹಾಕಿದರು, ಮತ್ತೆ ಮಂಜು. ಕೊನೆಗೆ ಕನ್ನಡಕ ಕೈಯಲ್ಲೇ ಹಿಡಿದು ಮಾತಾಡಿದರು. ನಾವು ಅವರಿಗೆ ಸರಿಯಾಗಿ ಕಂಡಿರಲಾರೆವು, ಅವರು ನಮಗೆ ಚೆನ್ನಾಗಿ ಕಂಡರು. ವಯಸ್ಸಾದ ಮನುಷ್ಯ.

"ಆಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಕೆಲಸ ಮಾಡತ್ತೆ ಅಂತ ಆಸೆ ಇತ್ತು. ಸರಿಯಾದ ಪರೀಕ್ಷೆ ಆಗೋ ಮೊದಲೇ ಕೊಟ್ವಿ. ಮಾಡಲ್ಲ ಅಂತ ಗೊತ್ತಾದ ಮೇಲೆ ನಿಲ್ಲಿಸಿದ್ವಿ. ಎಲ್ಲ ವಿಭಾಗಕ್ಕೂ ತಿಳಿಸಿದ್ವಿ. ನಿಮಗೆ ತಿಳಿಸಬೇಕು ಅಂತ..." ತಡವರಿಸಿದರು. "ನೆನಪಾಗಲಿಲ್ಲ."

ಹಿಂದಿನ ನಾನಾಗಿದ್ದರೆ ಆ ಒಂದು ಮಾತಿಗೆ ಅವರ ಕೋಟು ಬಿಚ್ಚಿಸುತ್ತಿದ್ದೆ. ಇವತ್ತು ಅಕ್ಕನ ಮುಖ ನೋಡಿದೆ. ಮಾತು ಅವಳದು.

"ಕೊಡೋವಾಗ ನೆನಪಿದ್ವಿ, ಸಾರ್. ನಿಲ್ಲಿಸೋವಾಗ ಮರೆತುಹೋದ್ವಿ."

"ಹೌದಮ್ಮ."

"ಆ ಮಾತ್ರೆಯಿಂದ ನನ್ನ ಎದೆಗೆ ಏನಾದ್ರೂ ಆಗಿದೆಯಾ?"

"ಆಗಿರಲಾರದು. ಆದ್ರೆ ನೋಡದೆ ಹೇಳಬಾರದು. ಬನ್ನಿ, ನಾನೇ ಪರೀಕ್ಷೆ ಮಾಡ್ತೀನಿ. ನಿಮ್ಮನ್ನೂ, ಮಾತ್ರೆ ತಗೊಂಡ ಎಲ್ಲರನ್ನೂ."

ಅಕ್ಕ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. ಬಾಯ್ಲರ್ ಮಾವ ತಡೆಯಲಾರದೆ, "ಏನಮ್ಮ, ಆ ಮಾತು ಆಡಿದ್ರಲ್ಲ?" ಎಂದರು.

"ಆಡಿದ್ರು. ಇಷ್ಟು ದಿನ ಸಿಟ್ಟು ಹೊತ್ಕೊಂಡಿದ್ದೆ ಮಾವ, ಇಳಿಸಿದ ತಕ್ಷಣ ಕೈ ಬರಿದಾಯ್ತು. ತಾಳಿ, ಕೈ ಏನು ಮಾಡ್ಬೇಕು ಅಂತ ನೋಡ್ತಿದ್ದೀನಿ."

ಎಲ್ಲರೂ ನಕ್ಕರು. ದೊಡ್ಡ ಡಾಕ್ಟರೂ ನಕ್ಕರು, ತಡವಾಗಿ.

ಫೆಬ್ರವರಿ ೨, ಮಂಗಳವಾರ

ಅಕ್ಕನ ಎದೆಯ ಪರೀಕ್ಷೆ ಆಯಿತು. ತೊಂದರೆಯಿಲ್ಲ. ಉಬ್ಬಸ ಇದೆ, ಅದು ಹಳೆಯದು.

ಕೊಡುತ್ತೇವೆ ಎಂದದ್ದು: ಇನ್ನು ಲಾಂಡ್ರಿಗೆ ಯಾವ ಮದ್ದು ಬಂದರೂ, ನಿಂತರೂ, ಬದಲಾದರೂ, ಯಾರಾದರೂ ಬಂದು ನಮ್ಮೆದುರು ಹೇಳಬೇಕು. ಕೇಳಿದ್ದಕ್ಕೆ ಉತ್ತರ ಕೊಡಬೇಕು. ಇಲ್ಲ ಎಂದದ್ದು: ಫ್ಯಾನು. ಅದಕ್ಕೆ ಬೇರೆ ಜಗಳ ಇದೆ.

ಎರಡನೆಯ ಚುಚ್ಚುಮದ್ದಿಗೆ ಸಂಘವೇ ಕಂತು ಹಾಕಿದೆ, ಮೂರು ಪಾಲು, ಬೇರೆ ಬೇರೆ ವಾರ. ಸಭೆಯಲ್ಲಿ ಒಬ್ಬ ಹಳೆಯ ಕಾರ್ಯಕರ್ತ, "ಇದು ಒಡೆದ ಹಾಗಾಗಲ್ವಾ?" ಎಂದು ಕೇಳಿದ. ನಾನು ಉತ್ತರ ಹೇಳುವ ಮೊದಲೇ ಬಾಯ್ಲರ್ ಮಾವ, "ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿರೋದೂ ಒಗ್ಗಟ್ಟೇ ಕಣಯ್ಯಾ" ಎಂದರು. ಗುರುವಾರ ಲಸಿಕೆ ಡಾಕ್ಟರು ಎಲ್ಲರ ಪ್ರಶ್ನೆಗೆ ಉತ್ತರ ಕೊಡುವ ಸಭೆ ಇದೆ. ಬ್ರೆಡ್ಡಿನ ಅಂಗಡಿಯಾಕೆ ಅದಕ್ಕೆ ಅತ್ತೆಯನ್ನು ಕರೆತಂದು ಪ್ರಶ್ನೆ ಕೇಳಬಹುದೇ ಎಂದು ಹೇಳಿಕಳಿಸಿದ್ದಾಳೆ. ಬನ್ನಿ ಎಂದಿದ್ದೇನೆ.

ಗುರುವಾರ ಮೊದಲು ಪ್ರಶ್ನೆ, ಆಮೇಲೆ, ಮೊದಲ ಚುಚ್ಚುಮದ್ದಿಗೇ ಬಾಕಿ ಉಳಿದವರು ಯಾರಾದರೂ ಒಪ್ಪಿದರೆ, ಸೂಜಿ. ಬಾಕಿ ಉಳಿದಿರುವುದು ಒಬ್ಬಳೇ. ಹೆಸರು ಕೊಡುವವರು ಮೊದಲೇ ಕೊಡಿ ಎಂದಾಗ ಅಕ್ಕ ಕೈಯೆತ್ತಿ, "ನಂದು ಮೊದಲನೇದು" ಎಂದಳು.

"ಪ್ರಶ್ನೆಗೋ, ಸೂಜಿಗೋ?"

"ಎರಡಕ್ಕೂ."

ಸಭೆ: ಫೆಬ್ರವರಿ ೪, ಗುರುವಾರ, ಮಧ್ಯಾಹ್ನ ಮೂರು ಗಂಟೆ, ಇಸ್ತ್ರಿ ಕೋಣೆ.